ಮಕ್ಕಳ ಕೈಯ ಎಳ್ಳು

ದಾನವೆಂಬುದು ದೊಡ್ಡವರ ಧರ್ಮವೆಂದು ಲೋಕದಲ್ಲಿ ರೂಢವಾದ ಅಭಿಪ್ರಾಯ. ಗಳಿಸಿದವನು ಕೊಡಬಲ್ಲನು, ಗಳಿಸದವನು ಕೊಡುವುದೇನನ್ನು? ಆದರೂ ತಮ್ಮ ಪಾಲಿಗೆ ಬಂದ ತಿಂಡಿತೀರ್ಥಗಳನ್ನು ಮನೆಯಿಲ್ಲದವರಿಗೂ ಹಸಿದವರಿಗೂ ಕೊಂಡೊಯ್ದು ಕೊಡುವ ಮಕ್ಕಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹಾಗೆ ಮಾಡೆಂದು ಅವರನ್ನು ಪ್ರೇರಿಸುವ ಹಿರಿಯರೂ ಇದ್ದಾರೆ. ಇದನ್ನು ದಾನವೆನ್ನಬಹುದೇ, ಅಥವಾ ದಾನದ ಆಟವೆನ್ನಬೇಕೇ? ಆಟವಾದರೆ, ಪರರ ಹಸಿವನ್ನು ಆಟದ ಸಾಮಗ್ರಿಯನ್ನಾಗಿ ಮಾಡಿಕೊಳ್ಳುವುದು ಉಚಿತವೇ? ಪ್ರಶ್ನೆಯು ಮೇಲ್ನೋಟಕ್ಕೆ ಸಣ್ಣದು. ಒಳಹೊಕ್ಕು ನೋಡಿದರೆ ಧರ್ಮದ ಮೂಲವನ್ನೇ ಮುಟ್ಟುವಂಥದು.

ಮೈಸೂರು ಸೀಮೆಯ ಮನೆಗಳಲ್ಲಿ ಮಕರ ಸಂಕ್ರಾಂತಿಯ ದಿನ ನಡೆಯುವ ಎಳ್ಳು ಬೀರುವ ಪದ್ಧತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಬ್ಬಕ್ಕೆ ಹಲವು ದಿನ ಮುಂಚಿತವಾಗಿಯೇ ಕೊಬ್ಬರಿಯನ್ನೂ ಬೆಲ್ಲವನ್ನೂ ಸಣ್ಣಗೆ ಹೆಚ್ಚಿ ಬಿಸಿಲಿಗೆ ಹಾಕುವರು. ಎಳ್ಳನ್ನು ಹುರಿದು, ಕಡಲೆಕಾಯಿ ಬೀಜದ ಸಿಪ್ಪೆ ತೆಗೆದು, ಹುರಿಗಡಲೆಯೊಡನೆ ಬೆರಸುವರು. ಸಕ್ಕರೆಯ ಅಚ್ಚುಗಳನ್ನು ಎರೆಯುವರು. ಹಬ್ಬದ ಸಂಜೆ ಹೆಣ್ಣುಮಕ್ಕಳು ಹೊಸ ಲಂಗವನ್ನುಟ್ಟು, ಎಳ್ಳು, ಅಚ್ಚು, ಬಾಳೆಯಹಣ್ಣು, ಕಬ್ಬಿನ ತುಂಡುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಬೀರಿ ಬರುವರು. ವರ್ಷದ ಮನಸ್ತಾಪಗಳು ಆ ಒಂದು ಹಿಡಿ ಎಳ್ಳಿನಲ್ಲಿ ಕರಗಿಹೋಗಬೇಕೆಂಬುದು ಹಿರಿಯರ ಆಶಯ.

ಪದ್ಧತಿಯು ಸುಂದರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಟ್ಟೆಯು ನಡೆಯುವ ದಾರಿಯನ್ನು ಗಮನಿಸಬೇಕು. ಯಾವ ಮನೆಯಿಂದ ಎಳ್ಳು ಬರುವುದೋ ಆ ಮನೆಗೆ ಎಳ್ಳು ಹೋಗುತ್ತದೆ. ಬೀರಲು ಹೋದ ತಟ್ಟೆ ಸಾಮಾನ್ಯವಾಗಿ ಬರಿದಾಗಿ ಹಿಂದಿರುಗುವುದಿಲ್ಲ. ಬೀರುವುದಕ್ಕೆ ಒಂದು ಹೊಸ್ತಿಲು ಬೇಕು. ಛತ್ರದ ಜಗಲಿಯ ಮೇಲೆ ಮಲಗುವ ಮುದುಕನಿಗೆ, ರೈಲು ನಿಲ್ದಾಣದ ಗೋಡೆಗೊರಗಿ ಕುಳಿತ ತಾಯಿಮಕ್ಕಳಿಗೆ, ರಸ್ತೆಯ ಕೆಲಸಕ್ಕೆಂದು ಬಂದು ಗುಡಾರ ಹೂಡಿದ ಪರಊರಿನ ಕೂಲಿಗಳಿಗೆ ಹೊಸ್ತಿಲಿಲ್ಲ. ಅವರು ಅದೇ ಬೀದಿಯಲ್ಲಿಯೇ ಇದ್ದರೂ ನೆರೆಹೊರೆಯವರ ಲೆಕ್ಕಕ್ಕೆ ಸೇರುವುದಿಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನವು ಸಾತ್ತ್ವಿಕ, ರಾಜಸ, ತಾಮಸಗಳೆಂದು ಮೂರು ಬಗೆಯಾಗಿ ವಿಭಾಗವಾಗಿದೆ. ಪ್ರತ್ಯುಪಕಾರವನ್ನು ಮಾಡಲಾರದವನಿಗೆ ಕೊಟ್ಟದ್ದು ಸಾತ್ತ್ವಿಕ. ಹಿಂದಿರುಗಿ ಬರಲೆಂಬ ಎಣಿಕೆಯಿಂದ ಕೊಟ್ಟದ್ದು ರಾಜಸ. ತಿರಸ್ಕಾರದಿಂದ ಕೊಟ್ಟದ್ದು ತಾಮಸ. ಈ ಅಳತೆಗೋಲನ್ನು ಹಿಡಿದರೆ ಎಳ್ಳಿನ ತಟ್ಟೆಯು ಸ್ನೇಹದ ವಿನಿಮಯವಾದೀತು, ದಾನವಾಗಲಾರದು. ಅದೇ ತಟ್ಟೆಯನ್ನು ಮಗುವೊಂದು ಛತ್ರದ ಜಗಲಿಗೆ ಕೊಂಡೊಯ್ದರೆ ಆಗ ಅದು ದಾನವಾಗುವುದೇ? ವಿಚಾರವಿರುವುದು ಇಲ್ಲಿ.

ಇಲ್ಲಿ ಮೊದಲು ಏಳುವ ಆಕ್ಷೇಪವು ಸ್ವತ್ವವನ್ನು ಕುರಿತದ್ದು. ತನ್ನ ಸ್ವತ್ವವನ್ನು ಬಿಟ್ಟು ಪರರ ಸ್ವತ್ವವನ್ನುಂಟುಮಾಡುವುದೇ ದಾನವೆಂದು ಶಾಸ್ತ್ರಕಾರರು ಲಕ್ಷಣ ಹೇಳಿದ್ದಾರೆ. ಮಗನಿಗೆ ಸ್ವಂತ ಧನವಿಲ್ಲವೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಹೇಳಿದೆ. ಎಳ್ಳನ್ನು ತಂದವನು ತಂದೆ, ಹುರಿದವಳು ತಾಯಿ. ಹೊತ್ತು ನಡೆದದ್ದಷ್ಟೇ ಮಗು. ಆದುದರಿಂದ ಮಗುವು ದಾನಿಯಲ್ಲ, ದಾನದ ವಾಹಕ ಮಾತ್ರವೆಂದು ವಾದಿಸಬಹುದು.

ಈ ವಾದಕ್ಕೆ ಮಹಾಭಾರತದ ಆಶ್ವಮೇಧಿಕ ಪರ್ವದ ಮುಂಗುಸಿಯ ಕಥೆಯಲ್ಲಿ ಸಮಾಧಾನವಿದೆ. ಕುರುಕ್ಷೇತ್ರದಲ್ಲಿ ಉಂಛವೃತ್ತಿಯಿಂದ ಜೀವಿಸುತ್ತಿದ್ದ ಬಡ ಬ್ರಾಹ್ಮಣನ ಮನೆಯಲ್ಲಿ, ಬರಗಾಲದ ದಿನ, ದೊರೆತ ಅಲ್ಪ ಹಿಟ್ಟನ್ನು ತಂದೆ, ತಾಯಿ, ಮಗ, ಸೊಸೆ ನಾಲ್ವರೂ ಪಾಲು ಮಾಡಿಕೊಂಡು ಇನ್ನೇನು ಉಣ್ಣಬೇಕು. ಅಷ್ಟರಲ್ಲಿ ಅತಿಥಿ ಬಂದನು. ತಂದೆಯ ಪಾಲು ಸಾಲಲಿಲ್ಲ, ತಾಯಿಯ ಪಾಲೂ ಸಾಲಲಿಲ್ಲ. ಮಗನು ತನ್ನ ಪಾಲನ್ನು ಮುಂದಿಟ್ಟಾಗ ತಂದೆಯು ತಡೆದನು: ಎಳೆಯರ ಹಸಿವು ಬಲವಾದುದು, ಮುದುಕನಾದ ತಾನು ತಾಳಬಲ್ಲೆನು ಎಂದನು. ಆದರೂ ಮಗನು ಕೊಟ್ಟನು, ಸೊಸೆಯೂ ಕೊಟ್ಟಳು. ಆ ಹಿಟ್ಟಿನ ಕಣಗಳಲ್ಲಿ ಹೊರಳಿದ ಮುಂಗುಸಿಯ ಅರ್ಧ ಶರೀರವು ಹೊನ್ನಾಯಿತು. ಉಳಿದ ಅರ್ಧವು ಯುಧಿಷ್ಠಿರನ ಅಶ್ವಮೇಧದ ಸಂಪತ್ತಿನಲ್ಲಿ ಹೊರಳಿದರೂ ಹೊನ್ನಾಗಲಿಲ್ಲ. ಗಳಿಸಿದವನು ತಂದೆಯೇ ಆಗಿರಲಿ, ಎಲೆಗೆ ಬಡಿಸಿದ ಮೇಲೆ ಆ ಪಾಲು ಉಣ್ಣುವವನದು. ಧನದ ಮೇಲೆ ಮಗುವಿಗೆ ಸ್ವತ್ವವಿಲ್ಲದಿರಬಹುದು. ತನ್ನ ಹಸಿವಿನ ಮೇಲೆಯೂ ತನ್ನ ಆಸೆಯ ಮೇಲೆಯೂ ಇದ್ದೇ ಇದೆ. ಹತ್ತು ಸಕ್ಕರೆ ಅಚ್ಚುಗಳಲ್ಲಿ ನವಿಲಿನ ಅಚ್ಚನ್ನೇ ತನಗೆಂದು ಎತ್ತಿಟ್ಟುಕೊಂಡ ಹುಡುಗಿ ಅದನ್ನೇ ಕೊಟ್ಟರೆ ಆಗ ಕೊಟ್ಟವಳು ಅವಳೇ, ಅವಳ ತಂದೆಯಲ್ಲ.

ಎರಡನೆಯ ಆಕ್ಷೇಪವು ಇದರಿಂದಲೇ ಹುಟ್ಟುತ್ತದೆ. ಮಗುವು ಕೊಟ್ಟ ಅಚ್ಚಿಗೆ ಪ್ರತಿಯಾಗಿ ಮನೆಯಲ್ಲಿ ಎರಡು ಅಚ್ಚು ಸಿಕ್ಕುವುದಾದರೆ ಅದು ತ್ಯಾಗವೆಂತು? ಇಲ್ಲಿ ತಪ್ಪು ಮಗುವಿನದಲ್ಲ, ಹಿರಿಯರದು. 1934ರಲ್ಲಿ ಮಹಾತ್ಮಾ ಗಾಂಧಿಯವರು ಮಲಬಾರಿನ ವಡಕರಕ್ಕೆ ಬಂದಾಗ ಕೌಮುದಿಯೆಂಬ ಹದಿನಾರು ವರ್ಷದ ಹುಡುಗಿ ತಾನು ತೊಟ್ಟಿದ್ದ ಚಿನ್ನದ ಒಡವೆಗಳನ್ನು ಹರಿಜನ ನಿಧಿಗೆ ಬಿಚ್ಚಿಕೊಟ್ಟಳು. ಗಾಂಧಿಯವರು ಒಡನೆ ಹೊಗಳಿ ಕಳುಹಿಸಲಿಲ್ಲ. ತಂದೆತಾಯಿಗಳ ಸಮ್ಮತಿಯುಂಟೇ ಎಂದು ವಿಚಾರಿಸಿದರು, ಇವುಗಳ ಬದಲಿಗೆ ಹೊಸ ಒಡವೆಗಳನ್ನು ಮಾಡಿಸಿಕೊಳ್ಳಬಾರದೆಂದರು. ಅವಳು ಒಪ್ಪಿದಳು. ಎಳೆಯರ ದಾನವನ್ನು ಗೌರವಿಸುವ ರೀತಿ ಇದು. ಕೊಟ್ಟ ಸ್ಥಳವನ್ನು ತತ್‌ಕ್ಷಣ ತುಂಬಿಬಿಡುವ ಪ್ರೀತಿಯು ಮಗುವಿನ ತ್ಯಾಗವನ್ನು ಕದ್ದಂತೆಯೇ ಸರಿ.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ತೀಕ್ಷ್ಣವಾದುದು. ಮಗುವಿಗೆ ದಯೆಯನ್ನು ಕಲಿಸಬೇಕೆಂಬ ಉದ್ದೇಶದಿಂದ ಬಡವನನ್ನು ಪಾಠದ ಹಲಗೆಯನ್ನಾಗಿ ಮಾಡಿಕೊಳ್ಳಬಹುದೇ? ಕೊಡುವ ಮಗುವಿನ ಚಿತ್ರ ತೆಗೆದು ನಾಲ್ಕು ಜನಕ್ಕೆ ತೋರಿಸುವ ಈ ಕಾಲದಲ್ಲಿ ಇಸಿದುಕೊಳ್ಳುವ ಕೈಯ ನಾಚಿಕೆಯನ್ನು ಯೋಚಿಸುವವರು ವಿರಳ. ಮನೆಯಿಲ್ಲದವನಿಗೂ ಮಾನವಿದೆ. ಅವನ ಮಾನವನ್ನು ಬೆಲೆಯಾಗಿ ತೆತ್ತು ಮಗುವಿಗೆ ಪುಣ್ಯವನ್ನು ಕೊಂಡುಕೊಡುವುದಾದರೆ ಅದು ಗೀತೆಯು ಹೇಳಿದ ತಾಮಸ ದಾನಕ್ಕಿಂತ ಬೇರೆಯಲ್ಲ. ಅಲ್ಲಿ ಕಲಿತದ್ದು ದಯೆಯಲ್ಲ; ಕೊಡುವ ಕೈ ಮೇಲು, ಒಡ್ಡುವ ಕೈ ಕೀಳು ಎಂಬ ಗರ್ವ.

ಪ್ರಾಚೀನರು ಈ ಅಪಾಯವನ್ನು ಅರಿತಿದ್ದರೆಂದು ತೋರುತ್ತದೆ. ಉಪನಯನವಾದ ವಟುವಿಗೆ ಅವರು ಮೊದಲು ಕಲಿಸಿದ್ದು ಕೊಡುವುದನ್ನಲ್ಲ, ಬೇಡುವುದನ್ನು. ಎಷ್ಟೇ ಸಿರಿವಂತನ ಮಗನಾಗಲಿ, ಜೋಳಿಗೆಯೊಡ್ಡಿ ನಿಲ್ಲಬೇಕು. ಮೊದಲ ಭಿಕ್ಷೆಯನ್ನು ಇಲ್ಲವೆನ್ನದ ತಾಯಿಯಲ್ಲಿಯೋ ಸೋದರಿಯಲ್ಲಿಯೋ ಬೇಡಬೇಕು. ದೊರೆತದ್ದನ್ನು ಗುರುವಿಗೆ ಒಪ್ಪಿಸಿ ಆಮೇಲೆ ಉಣ್ಣಬೇಕು. ಶ್ರಾವಣ ಶನಿವಾರಗಳಲ್ಲಿ ನಾಮವಿಟ್ಟ ಹುಡುಗರು ಗೋವಿಂದನ ಹೆಸರೆತ್ತಿ ಮನೆಮನೆಯ ಮುಂದೆ ಪಾತ್ರೆ ಹಿಡಿದು ನಿಲ್ಲುವ ಪದ್ಧತಿಯಲ್ಲಿಯೂ ಇದೇ ಅರ್ಥವಿದೆ. ವಾರಾನ್ನದಿಂದ ಓದಿ ಮುಂದೆ ಬಂದವರು ಕನ್ನಡನಾಡಿನಲ್ಲಿ ಅನೇಕರು; ದಿನಕ್ಕೊಂದು ಮನೆಯ ಎಲೆಯ ಮುಂದೆ ಕುಳಿತವನಿಗೆ ಯಾವ ಮನೆಯ ಅನ್ನದಲ್ಲಿ ಆದರವಿತ್ತು, ಯಾವುದರಲ್ಲಿ ಇರಲಿಲ್ಲ ಎಂಬುದು ಮುಪ್ಪಿನವರೆಗೂ ಮರೆಯದು. ಒಮ್ಮೆ ಬೇಡಿ ನಿಂತ ಕೈಗೆ ಕೊಡುವಾಗ ಗರ್ವವು ಬರಲಾರದು. ಅಮೆರಿಕದಲ್ಲಿಯೂ ಇದಕ್ಕೆ ಹತ್ತಿರವಾದ ನಿದರ್ಶನವಿದೆ. ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿ ಅಲ್ಲಿನ ಮಕ್ಕಳು ವೇಷ ಧರಿಸಿ ಮನೆಮನೆಗೆ ಹೋಗಿ ಮಿಠಾಯಿ ಬೇಡುವರು. 1950ರಲ್ಲಿ ಫಿಲಡೆಲ್ಫಿಯಾ ಪಟ್ಟಣದ ಪಾದ್ರಿ ಕ್ಲೈಡ್ ಆಲಿಸನ್ ಮತ್ತು ಅವರ ಪತ್ನಿ ಮೇರಿ ಎಮ್ಮಾ ಎಂಬವರ ಪ್ರೇರಣೆಯಿಂದ ಮಕ್ಕಳು ಹಾಲಿನ ಡಬ್ಬಿಗಳನ್ನು ಹಿಡಿದು, ಕಷ್ಟದಲ್ಲಿದ್ದ ಪರದೇಶದ ಮಕ್ಕಳಿಗಾಗಿ ಕಾಸು ಬೇಡಿದರು. ಮೊದಲ ವರ್ಷ ಕೂಡಿದ್ದು 17 ಡಾಲರು. ಅದು ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ ಸಂದಿತು. ತನಗಾಗಿ ಬೇಡುವ ಆಟವೇ ಪರರಿಗಾಗಿ ಬೇಡುವ ವ್ರತವಾಯಿತು.

ಇನ್ನು ನಾಲ್ಕನೆಯ ಆಕ್ಷೇಪ: ಹಿಡಿ ಎಳ್ಳಿನಿಂದ ಹಸಿವು ಹಿಂಗುವುದೇ? ಹಿಂಗುವುದಿಲ್ಲ. ಹಸಿವನ್ನು ನೀಗಿಸುವುದು ದೊಡ್ಡವರ ಹೊಣೆ, ರಾಜ್ಯದ ಹೊಣೆ. ಶಾಲೆಗಳಲ್ಲಿ ಮಕ್ಕಳಿಗೆ ಬೇಯಿಸಿದ ಊಟವನ್ನು ಕೊಡಬೇಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆಜ್ಞಾಪಿಸಿತು. 2013ರಲ್ಲಿ ಆಹಾರ ಭದ್ರತೆಯ ಕಾಯಿದೆ ಬಂದಿತು. ಅನ್ನವು ಭಿಕ್ಷೆಯಲ್ಲ, ಹಕ್ಕು ಎಂಬ ತತ್ತ್ವವು ಇವುಗಳಿಂದ ಬಲಗೊಂಡಿತು. ಮಕ್ಕಳ ಮಿಠಾಯಿಯನ್ನು ತೋರಿಸಿ ಹಿರಿಯರು ಈ ಹೊಣೆಯಿಂದ ಜಾರಿಕೊಂಡರೆ ಅದು ವಂಚನೆ. ಆದರೆ ಕಾಯಿದೆಯು ಹೊಟ್ಟೆಯನ್ನು ನೋಡಬಲ್ಲುದು, ಹಬ್ಬವನ್ನು ನೋಡಲಾರದು. ಅಕ್ಕಿಯನ್ನು ಅಳೆದು ಕೊಡಬಲ್ಲುದು. ಒಳ್ಳೆಯ ಮಾತನ್ನು ಅಳೆದು ಕೊಡಲಾರದು. ಜಗಲಿಯ ಮುದುಕನಿಗೆ ಅನ್ನವು ಎಲ್ಲಿಂದಲೋ ಒಂದು ಹೊತ್ತು ದೊರೆತೀತು; ಈ ದಿನ ಸಂಕ್ರಾಂತಿ, ತಾನೂ ಈ ಬೀದಿಯವನು ಎಂಬ ಅರಿವು ಎಲ್ಲಿಂದ ದೊರೆಯಬೇಕು? ಎಳ್ಳು ಹಸಿವಿಗೆ ಔಷಧವೆಂದಲ್ಲ, ನೆರೆಯವನೆಂಬುದಕ್ಕೆ ಗುರುತು. ಆ ಗುರುತನ್ನು ಕೊಡುವುದರಲ್ಲಿ ಮಗುವಿನ ಕೈ ದೊಡ್ಡವರ ಕೈಗಿಂತ ಸಮರ್ಥವಾದುದು. ಏಕೆಂದರೆ ಯಾರು ನೆರೆಯವರು, ಯಾರು ಅಲ್ಲ ಎಂಬ ಲೆಕ್ಕ ಅದಕ್ಕೆ ಇನ್ನೂ ಬಂದಿಲ್ಲ.

ಅಶೋಕಾವದಾನದಲ್ಲಿ ಹೇಳಿರುವಂತೆ, ಅಶೋಕನು ಹಿಂದಿನ ಜನ್ಮದಲ್ಲಿ ಬೀದಿಯ ಮಣ್ಣಿನಲ್ಲಿ ಆಡುತ್ತಿದ್ದ ಬಾಲಕನಾಗಿದ್ದು, ಭಿಕ್ಷೆಗೆ ಬಂದ ಬುದ್ಧನ ಪಾತ್ರೆಗೆ ಹಿಟ್ಟೆಂದು ಭಾವಿಸಿ ಒಂದು ಹಿಡಿ ಮಣ್ಣನ್ನು ಹಾಕಿದನಂತೆ. ಬುದ್ಧನು ಪಾತ್ರೆಯನ್ನು ಹಿಂದೆಗೆಯಲಿಲ್ಲ. ಮಣ್ಣಿನಿಂದ ಯಾರ ಹಸಿವೂ ಹಿಂಗದು; ಆದರೂ ಆ ಹಿಡಿಯಲ್ಲಿ ಬಾಲಕನ ಆಟದ ಸರ್ವಸ್ವವಿತ್ತು. ಹಾಗೆಂದು ಹಿರಿಯರು ಹಸಿದವನಿಗೆ ಮಣ್ಣನ್ನು ಕೊಡಿಸಬಹುದೆಂದು ಅರ್ಥವಲ್ಲ. ಹಳಸಿದ್ದನ್ನು, ಮನೆಯವರು ಬೇಡವೆಂದದ್ದನ್ನು ಮಗುವಿನ ಕೈಯಲ್ಲಿ ಕಳುಹಿಸುವುದು ಹಸಿದವನಿಗೂ ಮಗುವಿಗೂ ಏಕಕಾಲದಲ್ಲಿ ಮಾಡುವ ದ್ರೋಹ.

ಕಠೋಪನಿಷತ್ತಿನ ನಚಿಕೇತನು ಕಂಡದ್ದು ಇಂಥ ದ್ರೋಹವನ್ನೇ. ತಂದೆಯು ಸರ್ವಸ್ವವನ್ನೂ ದಾನಮಾಡುವೆನೆಂದು ಹೊರಟು, ಹುಲ್ಲು ನೀರುಗಳ ಕಾಲ ಮುಗಿದ, ಹಾಲು ಬತ್ತಿದ ಹಸುಗಳನ್ನು ಕೊಡುತ್ತಿರಲು ಬಾಲಕನು ನೋಡಿದನು. ನೋಡಿ ಸುಮ್ಮನಿರಲಾರದೆ, ತನ್ನನ್ನು ಯಾರಿಗೆ ಕೊಡುವೆಯೆಂದು ಮೂರು ಬಾರಿ ಕೇಳಿದನು. ತಂದೆಗೆ ಸಿಟ್ಟು ಬಂದಿತು, ಮೃತ್ಯುವಿಗೆ ಎಂದನು. ಹಾಗೆ ಹೋದ ಬಾಲಕನೇ ಯಮನ ಮನೆಯಲ್ಲಿ ಮೂರು ರಾತ್ರಿ ಅನ್ನವಿಲ್ಲದ ಅತಿಥಿಯಾಗಿ ಉಳಿಯಬೇಕಾಯಿತು. ಹಸಿದ ಅತಿಥಿಯು ಬಾಗಿಲಲ್ಲಿದ್ದರೆ ಮೃತ್ಯುವಿಗೂ ಅಂಜಿಕೆಯೆಂದು ಆ ಉಪನಿಷತ್ತು ತಿಳಿಸುತ್ತದೆ. ವರಗಳನ್ನು ಕೊಟ್ಟು ಯಮನು ಆ ದೋಷವನ್ನು ಕಳೆದುಕೊಂಡನು. ಬಾಲಕನು ಕೇಳಿದ ಮೊದಲನೆಯ ವರ, ತಂದೆಯ ಸಿಟ್ಟು ಶಾಂತವಾಗಲೆಂಬುದು.

ಮಕ್ಕಳ ದಾನದಲ್ಲಿ ಹಿರಿಯರಿಗೆ ನಿಜವಾದ ಪರೀಕ್ಷೆಯಿರುವುದೂ ಇಲ್ಲಿಯೇ. ತಟ್ಟೆಯನ್ನು ಹಿಡಿದು ಜಗಲಿಗೆ ಹೋಗಿ ಬಂದ ಮಗುವು ಸುಮ್ಮನೆ ಬರುವುದಿಲ್ಲ. ಪ್ರಶ್ನೆಗಳನ್ನು ಹೊತ್ತು ಬರುತ್ತದೆ. ಆ ಅಜ್ಜನಿಗೆ ಮನೆ ಏಕಿಲ್ಲ? ನಾಳೆ ಅವನಿಗೆ ಯಾರು ಕೊಡುತ್ತಾರೆ? ಮೇಲಿನ ಕೋಣೆ ಬರಿದಾಗಿಯೇ ಇದೆಯಲ್ಲ? ಇವುಗಳಿಗೆ ವಾಜಶ್ರವಸನಂತೆ ಸಿಡುಕುವುದು ಸುಲಭ. ಅವರವರ ಕರ್ಮವೆಂದು ಬಾಯಿ ಮುಚ್ಚಿಸುವುದು ಇನ್ನೂ ಸುಲಭ. ಹಾಗೆ ಮಾಡಿದ ಮನೆಯಲ್ಲಿ ಎಳ್ಳು ಬೀರಿದ್ದು ಆಟವೇ ಆಯಿತು. ಆದುದರಿಂದ ಮಗುವನ್ನು ಕಳುಹಿಸುವವರು ತಾವೂ ಜೊತೆಯಲ್ಲಿ ಹೋಗತಕ್ಕದ್ದು. ಬೇಕೇ ಎಂದು ಮೊದಲು ಕೇಳಿ, ಕೂಡಿ ಕುಳಿತು ತಿಂದು, ಆ ಮುದುಕನ ಹೆಸರನ್ನೂ ಊರನ್ನೂ ವಿಚಾರಿಸಿ ಬರತಕ್ಕದ್ದು. ಮಗುವಿನ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಉತ್ತರವನ್ನು ಮಾತಿನಿಂದಲ್ಲದೆ ಕೆಲಸದಿಂದ ಕೊಟ್ಟರೆ, ಆ ಮನೆಯ ಎಳ್ಳು ಸಂಕ್ರಾಂತಿಯ ಒಂದು ಸಂಜೆಗೆ ಮುಗಿದುಹೋಗುವುದಿಲ್ಲ.