ಕ್ಷಣದ ದರ, ಕಾಲದ ಮೊತ್ತ: ಪರಿಸರ ವಿಜ್ಞಾನದ ತರಗತಿಯಲ್ಲಿ ಕಲನಶಾಸ್ತ್ರ

ಪರಿಸರ ವಿಜ್ಞಾನವು ಬುಡದಲ್ಲಿ ಬದಲಾವಣೆಯ ಅಧ್ಯಯನ. ಕೆರೆಯ ನೀರಿನಲ್ಲಿ ಕರಗಿರುವ ಆಮ್ಲಜನಕ ಇಳಿಯುವುದು, ಇಳಿಜಾರಿನ ಮೇಲ್ಮಣ್ಣು ಕೊಚ್ಚಿಹೋಗುವುದು, ಒಂದು ಜೀವಜಾತಿಯ ಸಂಖ್ಯೆ ಕುಗ್ಗುವುದು, ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದು, ಇವುಗಳಲ್ಲಿ ಯಾವುದನ್ನೂ ‘ಎಷ್ಟು’ ಎಂಬುದರ ಜೊತೆಗೆ ‘ಎಷ್ಟು ಬೇಗ’ ಎಂದೂ ಕೇಳದೆ ಅರಿಯಲಾಗದು. ಹೀಗೆ ಕೇಳುವುದಕ್ಕೆಂದೇ ರೂಪುಗೊಂಡ ಗಣಿತವು ಕಲನಶಾಸ್ತ್ರ, ಅಂದರೆ ಕಾಲೇಜಿನ ಮಾತಿನಲ್ಲಿ ಕ್ಯಾಲ್ಕುಲಸ್. ಅದಕ್ಕೆ ಎರಡು ಅಂಗಗಳಿವೆ: ಒಂದು ಪರಿಮಾಣವು ಈ ಕ್ಷಣದಲ್ಲಿ ಯಾವ ದರದಲ್ಲಿ ಬದಲಾಗುತ್ತಿದೆ ಎಂಬುದನ್ನು ಹೇಳುವ ಅವಕಲನ, ಮತ್ತು ಕ್ಷಣಕ್ಷಣದ ಬದಲಾವಣೆಗಳು ಕಾಲದುದ್ದಕ್ಕೂ ಕೂಡಿ ಎಷ್ಟಾದವು ಎಂಬುದನ್ನು ಹೇಳುವ ಅನುಕಲನ. ಜೀವಶಾಸ್ತ್ರದ ಕಡೆಯಿಂದ ಬರುವ, ಪಿಯುಸಿಯ ನಂತರ ಗಣಿತದ ಪುಸ್ತಕವನ್ನೇ ಮುಟ್ಟದ ವಿದ್ಯಾರ್ಥಿಗಳಿಗೆ ಇದನ್ನು ಸಾಮಾನ್ಯವಾಗಿ ಸೂತ್ರಗಳ ಪಟ್ಟಿಯಾಗಿ ಕಲಿಸಲಾಗುತ್ತದೆ. ಅವರು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿಸಿ, ಮರೆಯುತ್ತಾರೆ. ಆದರೆ ಆ ಎರಡು ಅಂಗಗಳ ಅಡಿಯಲ್ಲಿ ದರ್ಶನಶಾಸ್ತ್ರದ ಎರಡು ಹಳೆಯ ಪ್ರಶ್ನೆಗಳಿವೆ. ಕ್ಷಣವೊಂದರಲ್ಲಿ ಏನಾದರೂ ನಡೆಯಬಲ್ಲುದೇ ಎಂಬುದು ಮೊದಲನೆಯದು. ಇಲ್ಲವೆನ್ನುವಷ್ಟು ಅಲ್ಪವಾದ ಕರ್ಮವನ್ನು ಕರ್ಮವೆಂದು ಎಣಿಸಬೇಕೇ ಎಂಬುದು ಎರಡನೆಯದು. ಈ ಪ್ರಶ್ನೆಗಳನ್ನು ಮುಚ್ಚಿಟ್ಟು ಸೂತ್ರಗಳನ್ನಷ್ಟೇ ಕೊಡುವ ತರಗತಿಯಲ್ಲಿ ವಿದ್ಯಾರ್ಥಿಗೆ ಗಣಿತವೂ ದಕ್ಕುವುದಿಲ್ಲ, ಪರಿಸರವೂ ದಕ್ಕುವುದಿಲ್ಲ.

ಕ್ಷಣಕ್ಕೆ ಅಗಲವಿಲ್ಲ, ಅಗಲವಿಲ್ಲದ ಕಾಲದಲ್ಲಿ ಯಾವ ವಸ್ತುವೂ ಎಳ್ಳಷ್ಟೂ ಸರಿಯಲಾರದು, ಸರಿಯದ ವಸ್ತುವಿಗೆ ವೇಗವೆಲ್ಲಿಯದು? ಗ್ರೀಸಿನ ಝೀನೋ ಹಾರುವ ಬಾಣದ ವಿಷಯದಲ್ಲಿ ಎತ್ತಿದ ಆಕ್ಷೇಪ ಇದೇ ಬಗೆಯದು. ನಾಗಾರ್ಜುನನು ಮೂಲಮಧ್ಯಮಕಕಾರಿಕೆಯ ಎರಡನೆಯ ಪ್ರಕರಣದಲ್ಲಿ ನಡಿಗೆಯನ್ನು ಪರೀಕ್ಷಿಸುತ್ತ, ಅದು ನಡೆದು ಮುಗಿದ ದಾರಿಯಲ್ಲೂ ಇಲ್ಲ, ಇನ್ನೂ ನಡೆಯದ ದಾರಿಯಲ್ಲೂ ಇಲ್ಲ, ಇವೆರಡನ್ನೂ ಬಿಟ್ಟ ‘ಈಗ ನಡೆಯುತ್ತಿರುವ ದಾರಿ’ ಎಂಬುದೂ ಕೈಗೆ ಸಿಗದು ಎಂದು ವಾದಿಸಿದ್ದು ಇದೇ ತೊಡಕನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಇತ್ತ ಲೆಕ್ಕ ಮಾಡುವವರಿಗೆ ಮಾತ್ರ ಕ್ಷಣದ ಗತಿ ಬೇಕೇ ಬೇಕಿತ್ತು. 1150ರಲ್ಲಿ ಸಿದ್ಧಾಂತ ಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು, ಚಂದ್ರನ ಗತಿ ಹೊತ್ತುಹೊತ್ತಿಗೂ ಬದಲಾಗುವುದರಿಂದ ತಿಥಿಯ ಅಂತ್ಯವನ್ನು ಸರಿಯಾಗಿ ಗೊತ್ತುಮಾಡಲು ಇಡೀ ದಿನದ ಗತಿಯನ್ನು ಹಿಡಿದರೆ ಸಾಲದು, ಆ ಹೊತ್ತಿಗೆ ಸಲ್ಲುವ ಗತಿಯನ್ನೇ ಬಳಸಬೇಕು ಎಂದು ಕಂಡುಕೊಂಡನು. ಪಂಚಾಂಗದ ಅಗತ್ಯವು ತಾರ್ಕಿಕರ ಒಪ್ಪಿಗೆಗೆ ಕಾಯಲಿಲ್ಲ.

ಯುರೋಪಿನಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್ ಕಲನಶಾಸ್ತ್ರವನ್ನು ಒಂದು ವ್ಯವಸ್ಥೆಯಾಗಿ ಕಟ್ಟಿದ ಮೇಲೆ ಅದರ ಬುಡವನ್ನು ಅಲುಗಿಸಿದವನು ಒಬ್ಬ ಬಿಷಪ್. ಜಾರ್ಜ್ ಬರ್ಕ್ಲಿ 1734ರಲ್ಲಿ ಪ್ರಕಟಿಸಿದ ‘ದಿ ಅನಲಿಸ್ಟ್’ ಎಂಬ ಕೃತಿಯ ಆಕ್ಷೇಪವನ್ನು ಹೈಸ್ಕೂಲಿನ ಬೀಜಗಣಿತದಲ್ಲೇ ಕಾಣಬಹುದು. ಬದಿಯು ‘ಅ’ ಇರುವ ಒಂದು ಚೌಕದ ಬದಿ ‘ಕ’ದಷ್ಟು ಹಿಗ್ಗಿದರೆ ವಿಸ್ತೀರ್ಣವು 2ಅಕ + ಕ²ದಷ್ಟು ಹಿಗ್ಗುತ್ತದೆ, ಅದನ್ನು ‘ಕ’ದಿಂದ ಭಾಗಿಸಿದರೆ 2ಅ + ಕ ಉಳಿಯುತ್ತದೆ, ಈಗ ‘ಕ’ವನ್ನು ಕೈಬಿಟ್ಟು, ಹಿಗ್ಗುವ ದರ 2ಅ ಎಂದು ಹೇಳಲಾಗುತ್ತದೆ. ಭಾಗಿಸುವಾಗ ‘ಕ’ ಸೊನ್ನೆಯಾಗಿರಕೂಡದು, ಕೈಬಿಡುವಾಗ ಸೊನ್ನೆಯಾಗಿರಲೇಬೇಕು. ಒಂದೇ ವಾದದೊಳಗೆ ಒಂದೇ ಅಕ್ಷರ ಎರಡು ವೇಷ ಹಾಕುವುದು ಹೇಗೆ? ಇಂಥದನ್ನು ನಂಬಬಲ್ಲ ಗಣಿತಜ್ಞನಿಗೆ ಧರ್ಮದ ರಹಸ್ಯಗಳನ್ನು ತರ್ಕಕ್ಕೆ ನಿಲುಕದವೆಂದು ತಳ್ಳಿಹಾಕುವ ಹಕ್ಕಿಲ್ಲ ಎಂಬುದು ಬರ್ಕ್ಲಿಯ ಇಂಗಿತ. ಗಣಿತವು ಇದಕ್ಕೆ ತೃಪ್ತಿಕರವಾದ ಉತ್ತರ ಕೊಡಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಕೋಶಿ ಮತ್ತು ಅವನ ತರುವಾಯ ವೈಯರ್‌ಸ್ಟ್ರಾಸ್ ಖಚಿತಗೊಳಿಸಿದ ‘ಮಿತಿ’ ಎಂಬ ಕಲ್ಪನೆಯಲ್ಲಿ ‘ಕ’ ಎಂದೂ ಸೊನ್ನೆಯಾಗುವುದಿಲ್ಲ. ಅದನ್ನು ಸಾಕಷ್ಟು ಚಿಕ್ಕದಾಗಿಸಿದರೆ ಭಾಗಲಬ್ಧವನ್ನು 2ಅ ಎಂಬ ಬೆಲೆಗೆ ಬೇಕಾದಷ್ಟು ಹತ್ತಿರ ತರಬಹುದು ಎಂದಷ್ಟೇ ಅದು ಹೇಳುತ್ತದೆ. ಕ್ಷಣದ ದರವೆಂದರೆ ಕ್ಷಣದೊಳಗೆ ನಡೆಯುವ ಘಟನೆಯಲ್ಲ, ಕ್ಷಣದ ಆಚೀಚೆಗಿನ ಕಾಲಖಂಡಗಳ ನಡವಳಿಕೆಯಿಂದ ನಿರ್ಧಾರವಾಗುವ ಒಂದು ಬೆಲೆ.

ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ಪರಿಸರ ವಿಜ್ಞಾನದ ವಿದ್ಯಾರ್ಥಿಗೆ ನಿಜವಾದ ತೊಡಕು ಶುರುವಾಗುವುದು ಮಾತ್ರ ಇಲ್ಲಿಂದಲೇ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಆರಂಭಿಸಿದ ಅಳತೆಗಳನ್ನು ನೋಡಬಹುದು. ಒಣಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡಿನ ಅಣುಗಳೆಷ್ಟು ಎಂಬುದನ್ನು ಪಿಪಿಎಂ ಎಂಬ ಮಾನದಲ್ಲಿ ಹೇಳುತ್ತಾರೆ. 1959ರ ವಾರ್ಷಿಕ ಸರಾಸರಿ ಸುಮಾರು 316 ಪಿಪಿಎಂ ಇದ್ದದ್ದು 2024ಕ್ಕೆ ಸುಮಾರು 424ಕ್ಕೆ ಏರಿದೆ. ಅಂದರೆ 65 ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ 1.7ರಷ್ಟು ಏರಿಕೆ. ಕಾಲಖಂಡವನ್ನು ಹತ್ತು ವರ್ಷಕ್ಕೆ ಕಿರಿದಾಗಿಸಿದರೆ, 1960ರ ದಶಕದಲ್ಲಿ ವರ್ಷಕ್ಕೆ ಒಂದಕ್ಕೂ ಕಡಿಮೆಯಿದ್ದ ದರವು ಈಚಿನ ದಶಕದಲ್ಲಿ ಎರಡೂವರೆ ದಾಟಿರುವುದು ಕಾಣುತ್ತದೆ. ಏರಿಕೆಯ ದರವೇ ಏರಿದೆ. ದರದ ದರವಾದ ಎರಡನೆಯ ಅವಕಲನದ ಅರ್ಥ ಇಷ್ಟೇ. ಮಿತಿಯ ಪಾಠವನ್ನು ನಂಬಿ ವಿದ್ಯಾರ್ಥಿಯು ಕಾಲಖಂಡವನ್ನು ಒಂದು ತಿಂಗಳಿಗೆ ಇಳಿಸಿ, ಆ ತಿಂಗಳು ಜುಲೈ ಆಗಿದ್ದರೆ, ದರವು ಋಣವಾಗಿಬಿಡುತ್ತದೆ. ಉತ್ತರ ಗೋಲಾರ್ಧದ ಕಾಡುಗಳೂ ಪೈರುಗಳೂ ಬೇಸಿಗೆಯಲ್ಲಿ ಇಂಗಾಲವನ್ನು ಹೀರುವುದರಿಂದ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಟ್ಟವು ಐದಾರು ಪಿಪಿಎಂ ಇಳಿಯುತ್ತದೆ, ಮತ್ತೆ ಚಳಿಗಾಲದಲ್ಲಿ ಅದಕ್ಕಿಂತ ಹೆಚ್ಚು ಏರುತ್ತದೆ. ಕಾಲಖಂಡವನ್ನು ಗಂಟೆಗೆ ಇಳಿಸಿದರೆ ಪರ್ವತದ ಗಾಳಿಯ ಏರುಪೇರಿನ ಹೊರತು ಬೇರೇನೂ ಉಳಿಯುವುದಿಲ್ಲ. ಚೌಕದ ಲೆಕ್ಕದಲ್ಲಿ ‘ಕ’ ಕಿರಿದಾದಷ್ಟೂ ಉತ್ತರ ನೆಲೆಗೊಂಡರೆ, ಪ್ರಕೃತಿಯ ಅಂಕಿಗಳಲ್ಲಿ ಅದು ಕಿರಿದಾದಷ್ಟೂ ಉತ್ತರ ಚದುರಬಹುದು. ಎಷ್ಟು ಕಿರಿದಾಗಿಸಬೇಕು ಎಂಬುದನ್ನು ಗಣಿತ ಹೇಳಿಕೊಡುವುದಿಲ್ಲ. ಪ್ರಶ್ನೆ ಯಾವುದೆಂದು ಬಲ್ಲವನ ವಿವೇಕವೇ ಅದನ್ನು ತೀರ್ಮಾನಿಸಬೇಕು.

ಜೈನ ದಾರ್ಶನಿಕರು ‘ನಯ’ ಎಂದು ಕರೆದ ಕಲ್ಪನೆ ಇಲ್ಲಿ ಬಹಳ ಉಪಯುಕ್ತ. ವಸ್ತುವೊಂದರ ಅನೇಕ ಧರ್ಮಗಳಲ್ಲಿ ಒಂದನ್ನು ಮುಂದಿಟ್ಟುಕೊಂಡು ಮಾಡುವ ಗ್ರಹಿಕೆಯೇ ನಯ. ‘ಸತ್’ನಲ್ಲಿ, ಅಂದರೆ ಇರುವ ಪ್ರತಿಯೊಂದರಲ್ಲೂ, ಉತ್ಪತ್ತಿ, ನಾಶ ಮತ್ತು ಸ್ಥಿರತೆ ಮೂರೂ ಕೂಡಿರುತ್ತವೆ ಎಂಬ ಅವರ ಮತದಲ್ಲಿ, ಎಲ್ಲವೂ ಕ್ಷಣಿಕವೆನ್ನುವ ಬೌದ್ಧರ ಮಾತು ಬದಲಾಗುವ ಪರ್ಯಾಯಗಳ, ಅಂದರೆ ಅವಸ್ಥೆಗಳ, ದೃಷ್ಟಿಯಿಂದ ನಿಜ. ಅದನ್ನೇ ಸಂಪೂರ್ಣ ಸತ್ಯವೆಂದಾಗ ಅದು ದುರ್ನಯವಾಗುತ್ತದೆ. ಋತುವಿನ ನಯದಿಂದ ಜುಲೈಯಲ್ಲಿ ಇಂಗಾಲ ಇಳಿಯುತ್ತಿದೆ, ದಶಕದ ನಯದಿಂದ ಅದೇ ಜುಲೈಯಲ್ಲಿ ಏರುತ್ತಿದೆ. ಒಂದು ಜುಲೈಯ ಇಳಿಕೆಯನ್ನು ತೋರಿಸಿ ಹವಾಮಾನ ಬದಲಾವಣೆಯನ್ನೇ ಅಲ್ಲಗಳೆಯುವವನು ಹೇಳುವ ಅಂಕಿ ಸರಿ, ಅವನ ನಯ ಕೆಟ್ಟದ್ದು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನ ನಾಡಿನಲ್ಲಿ ಜೈನ ತರ್ಕವನ್ನೂ ಗಣಿತವನ್ನೂ ಒಂದೇ ತರಗತಿಯಲ್ಲಿ ತರುವುದು ವಿಚಿತ್ರವೆನಿಸಬೇಕಾಗಿಲ್ಲ.

ಅನುಕಲನದ ಕಡೆಗೆ ತಿರುಗಿದರೆ ವಿಷಯವು ತತ್ತ್ವದಿಂದ ನೀತಿಗೆ ಇಳಿಯುತ್ತದೆ. ಜಾನ್ ಸ್ಟರ್ಮನ್ ಮತ್ತು ಲಿಂಡಾ ಬೂತ್ ಸ್ವೀನಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಮೆರಿಕದ ಎಂಐಟಿಯ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲೂ ಬಹುಪಾಲು ಜನ, ಹೊರಸೂಸುವಿಕೆ ಏರುವುದನ್ನು ನಿಲ್ಲಿಸಿದರೆ ವಾಯುಮಂಡಲದ ಇಂಗಾಲವೂ ಏರುವುದನ್ನು ನಿಲ್ಲಿಸುತ್ತದೆ ಎಂಬಂತೆ ಯೋಚಿಸಿದ್ದು ಕಂಡುಬಂತು. ಹೊರಸೂಸುವಿಕೆ ಒಂದು ದರ, ವಾಯುಮಂಡಲದಲ್ಲಿರುವುದು ಅದರ ಮೊತ್ತ. ಒಳಬರುವುದು ಹೀರಲ್ಪಡುವುದಕ್ಕಿಂತ ಹೆಚ್ಚಿರುವವರೆಗೂ ಮೊತ್ತ ಏರುತ್ತಲೇ ಇರುತ್ತದೆ. ಸೂತ್ರಗಳನ್ನು ಬಲ್ಲವರೂ ಇದರಲ್ಲಿ ಎಡವಿದರು ಎಂಬುದು ಕಲಿಸುವವರನ್ನು ನಿದ್ದೆಗೆಡಿಸಬೇಕಾದ ಸಂಗತಿ.

ವೇದಾಂತ ಪರಂಪರೆಯಲ್ಲಿ ಬೆಳೆದವರಿಗೆ ಈ ಭೇದ ಹೊಸದಲ್ಲ. ಹಿಂದಿನಿಂದ ಕೂಡಿಬಂದ ಸಂಚಿತ ಕರ್ಮ ಬೇರೆ, ಈಗ ಹೊಸದಾಗಿ ಮಾಡುತ್ತಿರುವ ಆಗಾಮಿ ಕರ್ಮ ಬೇರೆ. ಆಗಾಮಿಯನ್ನು ಇದ್ದಷ್ಟಕ್ಕೇ ಇರಿಸಿಕೊಂಡವನ ಸಂಚಿತವು ಬೆಳೆಯುತ್ತಲೇ ಹೋಗುತ್ತದೆ. ಆದರೆ ಈ ಹೋಲಿಕೆಯನ್ನು ಕೊನೆಯವರೆಗೂ ಎಳೆಯುವಂತಿಲ್ಲ, ಅದು ಮುರಿಯುವ ಜಾಗವೇ ಹೆಚ್ಚು ಬೆಲೆಯುಳ್ಳದ್ದು. ಕರ್ಮಸಿದ್ಧಾಂತದಲ್ಲಿ ಮಾಡಿದವನೇ ಉಣ್ಣಬೇಕು. ಬೌದ್ಧರ ಕ್ಷಣಿಕವಾದದ ವಿರುದ್ಧ ಇತರ ದಾರ್ಶನಿಕರು ಎತ್ತಿದ ದೋಷಗಳಲ್ಲಿ ಮುಖ್ಯವಾದವು ಕೃತಹಾನಿ ಮತ್ತು ಅಕೃತಾಭ್ಯಾಗಮ, ಅಂದರೆ ಮಾಡಿದವನಿಗೆ ಫಲ ತಪ್ಪುವುದು ಮತ್ತು ಮಾಡದವನಿಗೆ ಫಲ ತಟ್ಟುವುದು. ಇವು ಎಷ್ಟು ಅಸಂಗತವೆಂದರೆ, ಇವನ್ನು ಒಪ್ಪಬೇಕಾಗಿ ಬಂದರೆ ಸಿದ್ಧಾಂತವೇ ಬಿದ್ದುಹೋಗುತ್ತದೆ ಎಂದು ಅವರು ತಿಳಿದಿದ್ದರು. ಪರಿಸರದಲ್ಲಿ ಈ ಅಸಂಗತವೇ ದಿನನಿತ್ಯದ ವಾಸ್ತವ. ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಅಮೆರಿಕದ ಓಹಾಯೋ ನದಿಯ ಅಧ್ಯಯನದಿಂದ ಕೊಟ್ಟ ಸಮೀಕರಣ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಕೊಳಚೆ ಬಿಟ್ಟ ಜಾಗದಲ್ಲೇ ನೀರಿನ ಆಮ್ಲಜನಕ ತಳಮುಟ್ಟುವುದಿಲ್ಲ; ಕೊಳೆಯುವ ಕ್ರಿಯೆ ಆಮ್ಲಜನಕವನ್ನು ಕಬಳಿಸುವ ದರವೂ ಗಾಳಿಯಿಂದ ಅದು ಮರಳಿ ಬೆರೆಯುವ ದರವೂ ಸಮವಾಗುವ, ಅಂದರೆ ಅವಕಲನ ಸೊನ್ನೆಯಾಗುವ ಬಿಂದು ಹೊಳೆಯ ಕೆಳಗೆ ಎಷ್ಟೋ ದೂರದಲ್ಲಿರುತ್ತದೆ. ಮೀನು ಸಾಯುವುದು ಅಲ್ಲಿ, ಬೇರೆ ಊರಿನವರ ಕಣ್ಣೆದುರು.

ಇನ್ನು ಅಲ್ಪತೆಯ ಪ್ರಶ್ನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ; ವಾಯುಮಂಡಲದ ಮಟ್ಟವನ್ನು ಒಂದು ಪಿಪಿಎಂ ಏರಿಸಲು ಸುಮಾರು 780 ಕೋಟಿ ಟನ್ ಬೇಕು. ಆ ಒಂದು ಲೀಟರಿನ ಪಾಲನ್ನು ಯಾವ ಉಪಕರಣವೂ ಅಳೆಯಲಾರದು. ಅಳೆಯಲಾಗದ ಹಾನಿ ಹಾನಿಯೇ ಅಲ್ಲವೆಂಬ ತೀರ್ಮಾನವನ್ನು ಇಂಗ್ಲೆಂಡಿನ ತತ್ತ್ವಜ್ಞ ಡೆರೆಕ್ ಪಾರ್ಫಿಟ್ 1984ರ ತನ್ನ ‘ರೀಸನ್ಸ್ ಅಂಡ್ ಪರ್ಸನ್ಸ್’ ಗ್ರಂಥದಲ್ಲಿ ನೈತಿಕ ಗಣಿತದ ತಪ್ಪುಗಳಲ್ಲೊಂದೆಂದು ಎಣಿಸಿದನು. ಈ ತಪ್ಪನ್ನು ತಿದ್ದಲು ಅನುಕಲನಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಸಿಗುವುದು ಕಷ್ಟ, ಏಕೆಂದರೆ ಬೇಕಾದಷ್ಟು ಅಲ್ಪವಾಗಿಸಿದ ಪಾಲುಗಳ ಮೊತ್ತವು ಅಲ್ಪವಾಗಿಯೇ ಉಳಿಯಬೇಕಿಲ್ಲ ಎಂಬುದೇ ಅದರ ಮೂಲ ಪಾಠ. ಅಲ್ಪವು ಸೊನ್ನೆಯಲ್ಲ ಎಂದು ಬರ್ಕ್ಲಿ ಹಿಡಿದ ಹಟ ಇಲ್ಲಿ ನೀತಿಯ ಪಕ್ಷದಲ್ಲಿ ನಿಲ್ಲುತ್ತದೆ. ಅಷ್ಟರಿಂದ ಹೊಣೆ ಹಂಚಿಕೆಯ ಪ್ರಶ್ನೆ ಬಗೆಹರಿಯಿತೆಂದಲ್ಲ. ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವವನ ಪಾಲನ್ನೂ ಕಲ್ಲಿದ್ದಲು ಸ್ಥಾವರದ ಪಾಲನ್ನೂ ಒಂದೇ ತೂಕದಲ್ಲಿಡುವುದು ಅನ್ಯಾಯ, ಮತ್ತು ಅನುಕಲನವೇ ಆ ಪಾಲುಗಳ ಅಂತರವನ್ನೂ ತೋರಿಸಿಕೊಡುತ್ತದೆ.

ಪಠ್ಯಕ್ರಮದಲ್ಲಿ ಇದಕ್ಕೆಲ್ಲ ಸಮಯವಿಲ್ಲ, ಗಣಿತಕ್ಕೆ ಹೆದರುವ ವಿದ್ಯಾರ್ಥಿಯನ್ನು ದರ್ಶನ ಇನ್ನಷ್ಟು ಹೆದರಿಸುತ್ತದೆ ಎಂಬ ಆಕ್ಷೇಪವಿದೆ. ಸಮಯದ ಕೊರತೆ ನಿಜ. ಹೆದರಿಕೆಯ ಮಾತು ನಿಜವಲ್ಲ. ಅರ್ಥವಾಗದ ಹೆಜ್ಜೆಯೊಂದನ್ನು ಅರ್ಥವಾದಂತೆ ನಟಿಸಬೇಕಾದಾಗಲೇ ವಿದ್ಯಾರ್ಥಿ ಹೆದರುವುದು. ‘ಕ’ವನ್ನು ಕೈಬಿಡುವ ಹೆಜ್ಜೆ ಒಬ್ಬ ಬಿಷಪ್ಪನಿಗೂ ಒಪ್ಪಿಗೆಯಾಗಿರಲಿಲ್ಲ, ಅವನ ಸಂಶಯ ಸಕಾರಣವಾಗಿತ್ತು ಎಂದು ತಿಳಿದರೆ ಹೆದರಿಕೆ ಕುತೂಹಲವಾಗುತ್ತದೆ. ತ್ರಿಕೋನಮಿತಿಯ ಅನುಕಲನ ಸೂತ್ರಗಳಲ್ಲಿ ಅರ್ಧದಷ್ಟನ್ನು ಪಠ್ಯದಿಂದ ತೆಗೆದರೂ ಪರಿಸರ ವಿಜ್ಞಾನಕ್ಕೆ ನಷ್ಟವಿಲ್ಲ. ದರ ಮತ್ತು ಮೊತ್ತದ ಭೇದವನ್ನು ಕಲಿಯದೆ ಪದವಿ ಪಡೆದರೆ ನಷ್ಟ ದೊಡ್ಡದು. ಪಠ್ಯಕ್ರಮ ರೂಪಿಸುವವರು ಮೊದಲ ಸೂತ್ರವನ್ನು ಕೊಡುವ ಮುನ್ನ ಮೌನಾ ಲೋವಾದ ತಿಂಗಳವಾರು ಅಂಕಿಗಳನ್ನು ವಿದ್ಯಾರ್ಥಿಗಳ ಕೈಗಿಟ್ಟು, ದಶಕ, ವರ್ಷ, ತಿಂಗಳುಗಳ ದರವನ್ನು ಅವರಿಂದಲೇ ಲೆಕ್ಕ ಮಾಡಿಸಿ, ಯಾವುದು ಯಾವ ಪ್ರಶ್ನೆಗೆ ಉತ್ತರವೆಂದು ಚರ್ಚಿಸಲು ಒಂದು ವಾರವನ್ನಾದರೂ ಮೀಸಲಿಡಬೇಕು. ಆ ಅಂಕಿಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಕಳೆಯಲು ಮತ್ತು ಭಾಗಿಸಲು ಬಂದರೆ ಸಾಕು.