ಎಷ್ಟು ಯೋಜನ ಹಾರಬಲ್ಲಿರಿ?

ಮಹಾಭಾರತದ ಕರ್ಣಪರ್ವದಲ್ಲೊಂದು ವಿಚಿತ್ರ ಪ್ರಸಂಗವಿದೆ. ಕರ್ಣನ ಬಾಣಗಳಿಂದ ಜರ್ಜರಿತನಾಗಿ ಬಿಡಾರ ಸೇರಿದ್ದ ಧರ್ಮರಾಯ, ನೋಡಲು ಬಂದ ಅರ್ಜುನನನ್ನು ಹೀಯಾಳಿಸಿ, ಗಾಂಡೀವವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು ಎನ್ನುತ್ತಾನೆ. ಹಾಗೆಂದವರ ತಲೆ ತೆಗೆಯುವುದಾಗಿ ಅರ್ಜುನನದೊಂದು ಪ್ರತಿಜ್ಞೆ. ಹಿರಿಯರನ್ನು ಏಕವಚನದಲ್ಲಿ ಜರೆದರೆ ಕೊಂದಂತೆಯೇ ಎಂದು ಕೃಷ್ಣ ಪಾರಾಗುವ ದಾರಿ ಹೇಳಿಕೊಡುತ್ತಾನೆ. ಅಣ್ಣನನ್ನು ಜರೆದ ಅರ್ಜುನನಿಗೆ ಈಗ ಆ ಪಾಪವೇ ತಡೆಯದಾಗಿ, ತನ್ನನ್ನೇ ಕಡಿದುಕೊಳ್ಳಲು ಕತ್ತಿ ಹಿರಿಯುತ್ತಾನೆ. ಅದಕ್ಕೂ ಕೃಷ್ಣನಲ್ಲಿ ಉಪಾಯವಿದೆ: ನಿನ್ನ ಗುಣಗಳನ್ನು ನಿನ್ನ ಬಾಯಿಂದಲೇ ಹೊಗಳಿಕೋ, ಆತ್ಮಹತ್ಯೆ ಮಾಡಿಕೊಂಡ ಲೆಕ್ಕ.

ಇಂಥ ಕಥೆಗಳನ್ನು ಕೇಳಿ ಬೆಳೆದ ನಾಡಿನ ಹುಡುಗನೊಬ್ಬ ಇಪ್ಪತ್ತೆರಡನೆಯ ವಯಸ್ಸಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೊಡೆಯ ಮೇಲೆ ಫೈಲಿಟ್ಟುಕೊಂಡು, ಏಸಿ ಕೋಣೆಯ ಹೊರಗೆ ಬೆವರುತ್ತಾನೆ. ಒಳಗೆ ಕರೆದವರು ಮೊದಲು ಹೇಳುವ ಮಾತೇ ‘ನಿಮ್ಮ ಬಗ್ಗೆ ಹೇಳಿ’. ಮನೆಯಲ್ಲಿ, ಶಾಲೆಯಲ್ಲಿ ಅಷ್ಟು ವರ್ಷ ಅವನಿಗೆ ಕಲಿಸಿದ್ದು ಅದನ್ನು ಹೇಳಬಾರದೆಂದು. ಜಂಬ ಕೊಚ್ಚಬೇಡ, ಕೇಳಿದ್ದಕ್ಕಷ್ಟೇ ಉತ್ತರ ಕೊಡು, ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡ. ಈಗ ಆ ದೊಡ್ಡವರೇ ಮೂರು ಜನ ಸಾಲಾಗಿ ಕೂತು, ಹೊಗಳಿಕೋ ನೋಡೋಣ ಎನ್ನುತ್ತಿದ್ದಾರೆ. ನಾಲಿಗೆ ಒಣಗುವುದು ಸಹಜ. ಅದನ್ನು ಆತ್ಮವಿಶ್ವಾಸದ ಕೊರತೆ ಎಂದು ಒಂದೇ ಮಾತಿನಲ್ಲಿ ಬರೆದು ಮುಗಿಸುವವರ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ.

ಈ ಸಂಕಟಕ್ಕೆ ಕೋಚಿಂಗ್ ಸೆಂಟರುಗಳು ಕಂಡುಕೊಂಡ ಮದ್ದು ಬಾಯಿಪಾಠ. ನಾನು ಶ್ರಮಜೀವಿ, ತಂಡದೊಂದಿಗೆ ಹೊಂದಿಕೊಳ್ಳುವವನು, ಹೊಸದನ್ನು ಬೇಗ ಕಲಿಯುವವನು. ದೌರ್ಬಲ್ಯವೇನೆಂದು ಕೇಳಿದರೆ, ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಟ! ಐವತ್ತು ಜನರನ್ನು ಮಾತಾಡಿಸಿದರೆ ಐವತ್ತು ಜನರಿಗೂ ಇದೇ ದೌರ್ಬಲ್ಯ. ಹೊಗಳಿಕೊಳ್ಳುವ ಮುಜುಗರ ಈ ಪಾಠದಿಂದ ಕಳೆಯುತ್ತದೆ ನಿಜ, ಹೇಳುತ್ತಿರುವುದು ತನ್ನ ಬಗ್ಗೆ ಅಲ್ಲವಲ್ಲ.

ಪದವಿ ಕಾಲೇಜೊಂದರಲ್ಲಿ ಅಣಕು ಸಂದರ್ಶನಕ್ಕೆಂದು ನನ್ನನ್ನು ಕರೆದಿದ್ದರು. ಬಿ.ಕಾಂ. ಕೊನೆಯ ವರ್ಷದ ಹುಡುಗಿಯೊಬ್ಬಳು ಬಂದು ಕೂತು ಮೇಲಿನ ಪಾಠವನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಬೇರೇನೂ ತೋಚದೆ, ‘ಬೆಳಗ್ಗೆ ಎದ್ದು ಏನಮ್ಮಾ ಮಾಡ್ತೀಯ?’ ಎಂದೆ. ಊರಿನ ಹಾಲಿನ ಡೇರಿಯಲ್ಲಿ ಟೆಸ್ಟರ್ ಕೆಲಸ ಮಾಡುತ್ತಾಳಂತೆ. ಬೆಳಗ್ಗೆ, ಸಂಜೆ ಎರಡು ಹೊತ್ತು. ಬಯೋಡೇಟಾದಲ್ಲಿ ಅದರ ಸುಳಿವೇ ಇರಲಿಲ್ಲ. ‘ಅದನ್ನೆಲ್ಲ ಹಾಕ್ತಾರಾ ಸರ್?’ ಎಂದು ನನ್ನನ್ನೇ ಕೇಳಿದಳು. ಯಾರಾದರೂ ನೀರು ಬೆರೆಸಿದ ಹಾಲು ತಂದರೆ ಏನು ಮಾಡುತ್ತೀಯ ಎಂದೆ. ಅಲ್ಲಿಯವರೆಗೆ ಮೇಜಿನ ಅಂಚು ನೋಡುತ್ತಿದ್ದವಳು ತಲೆಯೆತ್ತಿದಳು. ‘ಎಸ್‌ಎನ್‌ಎಫ್ (ಹಾಲಿನ ಕೊಬ್ಬೇತರ ಘನಾಂಶ) ಕಡಿಮೆ ಬಂದ ತಕ್ಷಣ ನೀರು ಹಾಕಿದ್ದಾರೆ ಅನ್ನೋಕಾಗಲ್ಲ ಸರ್. ಹಸು ಮೇವು ಸರಿಯಾಗಿ ತಿನ್ನದಿದ್ದರೂ ಇಳಿಯುತ್ತೆ. ಅವರ ಎದುರಿಗೇ ಇನ್ನೊಂದು ಸಲ ಮಿಷನ್‌ಗೆ ಹಾಕಿ ಚೀಟಿ ಕೊಡ್ತೀನಿ. ಏನೂ ಅನ್ನಲ್ಲ. ಸಾಲಲ್ಲಿ ಜನ ಇರ್ತಾರಲ್ಲ. ಮೂರು ದಿನ ಹಾಗೇ ಬಂದರೆ ಸೆಕ್ರೆಟರಿಯವರಿಗೆ ಪುಸ್ತಕ ತೋರಿಸ್ತೀನಿ.’

ಲೆಕ್ಕದ ಶಿಸ್ತು, ಅವಸರದ ತೀರ್ಪಿಗೆ ಬೀಳದ ತಾಳ್ಮೆ, ನಾಲ್ಕು ಜನರ ಮುಂದೆ ಇನ್ನೊಬ್ಬರ ಮಾನ ಕಳೆಯದ ಎಚ್ಚರ, ಎಲ್ಲಿಗೆ ತನ್ನ ಅಧಿಕಾರ ಮುಗಿಯುತ್ತದೆಂಬ ಅರಿವು. ಅಷ್ಟೂ ಆ ಉತ್ತರದಲ್ಲಿತ್ತು. ಒಂದು ಹೊಗಳಿಕೆಯೂ ಇರಲಿಲ್ಲ.

ಅರ್ಜುನನಿಗೆ ಕೃಷ್ಣ ಹೇಳಿದ್ದರ ಪಕ್ಕದಲ್ಲಿ ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದ ಕೊನೆಯನ್ನಿಟ್ಟು ನೋಡಬೇಕೆಂದು ನನಗೆ ಅನ್ನಿಸುವುದು ಇಲ್ಲಿಯೇ. ಸಮುದ್ರದಂಡೆಯಲ್ಲಿ ಕೂತ ಕಪಿವೀರರನ್ನು ಅಂಗದ ಕೇಳುತ್ತಾನೆ, ಯಾರು ಎಷ್ಟು ದೂರ ಹಾರಬಲ್ಲಿರಿ? ದಾಟಬೇಕಾದದ್ದು 100 ಯೋಜನ. ಗಜ 10 ಎನ್ನುತ್ತಾನೆ, ಗವಾಕ್ಷ 20. ಹೀಗೇ ಏರುತ್ತ ಜಾಂಬವಂತನ ಸರದಿ ಬಂದಾಗ, ಹರೆಯದಲ್ಲಾಗಿದ್ದರೆ ಮಾತು ಬೇರೆ, ಈಗ 90 ಎನ್ನುತ್ತಾನೆ. ಅಂಗದನದು ಇನ್ನೂ ಸೊಗಸು: 100 ಹಾರಬಲ್ಲೆ, ಮರಳಿ ಬರುವುದು ಹೇಳಲಾರೆ. ಹತ್ತು ಯೋಜನ ಎಂದವನನ್ನು ನೋಡಿ ಯಾರೂ ನಗಲಿಲ್ಲ. ಅಲ್ಲಿ ಹೊಗಳಿಕೆಯೂ ಇಲ್ಲ, ಹುಸಿ ವಿನಯವೂ ಇಲ್ಲ. ಎಲ್ಲರೂ ತಮ್ಮ ತಮ್ಮ ಅಳತೆ ಹೇಳುತ್ತಿದ್ದಾರೆ, ಅಷ್ಟೆ.

ಹನುಮಂತನೂ ಆಮೇಲೆ ದೊಡ್ಡ ದೊಡ್ಡ ಮಾತುಗಳನ್ನೇ ಆಡುತ್ತಾನಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಧಾರಾಳವಾಗಿಯೇ ಆಡುತ್ತಾನೆ. ಅವನ ಮುಂದೆ ಸಮುದ್ರವಿದೆ. ಆಡಿದ್ದು ನಿಜವೋ ಸುಳ್ಳೋ ಇನ್ನೇನು ಗೊತ್ತಾಗಲಿದೆ. ಅರ್ಜುನನ ಹೊಗಳಿಕೆಗೆ ಬಿಡಾರದೊಳಗೆ ಅಂಥ ಸಮುದ್ರವಿರಲಿಲ್ಲ. ಮಾಡಬೇಕಾದ ಕೆಲಸದ ಕಡೆ ಮುಖಮಾಡಿದ ಮಾತು ಅಳತೆಯಾಗುತ್ತದೆ, ತನ್ನ ಕಡೆಗೇ ತಿರುಗಿದ ಮಾತು ಹೊಗಳಿಕೆಯಾಗುತ್ತದೆ. ಸಂದರ್ಶನಕ್ಕೆ ತಯಾರಿ ಎಂದರೆ ಬಹುಪಾಲು ಈ ದಿಕ್ಕು ಬದಲಿಸುವ ಕೆಲಸ ಎಂದೇ ನನ್ನ ನಂಬಿಕೆ. ಆ ಹುದ್ದೆಯಲ್ಲಿರುವವರು ಸೋಮವಾರ ಬೆಳಗ್ಗೆ ಬಂದು ಮೊದಲು ಏನು ಮಾಡುತ್ತಾರೆ, ಎಲ್ಲಿ ಎಡವುತ್ತಾರೆ, ಯಾರಿಂದ ಬೈಸಿಕೊಳ್ಳುತ್ತಾರೆ ಎಂದು ವಿಚಾರಿಸಿ ತಿಳಿದುಕೊಂಡು ಹೋದವರಿಗೆ ತಮ್ಮ ಬಗ್ಗೆ ಏನು ಹೇಳಬೇಕೆಂಬುದು ತಾನಾಗಿ ಹೊಳೆಯುತ್ತದೆ. ‘ಗೊತ್ತಿಲ್ಲ ಸರ್’ ಎನ್ನುವುದಕ್ಕೂ ಆಗ ಧೈರ್ಯ ಬರುತ್ತದೆ. ಅಂಗದನೂ ಹೇಳಿದ್ದು ಅದನ್ನೇ. ಉಳಿದಂತೆ ಹೊತ್ತಿಗೆ ಮುಂಚೆ ಹೋಗುವುದು, ಫೋನು ಆಫ್ ಮಾಡುವುದು, ಮೂಲ ಅಂಕಪಟ್ಟಿ ಮರೆಯದಿರುವುದು ಎಲ್ಲರಿಗೂ ಗೊತ್ತಿರುವ ವಿಷಯ.

ಆದರೆ ಹನುಮಂತ ಆವರೆಗೂ ಒಂದು ಪಕ್ಕದಲ್ಲಿ ಸುಮ್ಮನೆ ಕೂತಿದ್ದ. ಅವನ ಬಳಿಗೆ ಹೋಗಿ, ಅವನ ಹುಟ್ಟಿನ ಕಥೆಯಿಂದ ಹಿಡಿದು ಅವನು ಯಾರೆಂದು ಅವನಿಗೇ ನೆನಪಿಸಿದ್ದು ಜಾಂಬವಂತ. ನಮ್ಮ ಸಂದರ್ಶನ ಮಂಡಳಿಗಳಲ್ಲಿ ಜಾಂಬವಂತರು ಕಡಿಮೆ. 1980ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಅಜಯ್ ಹಾಸಿಯಾ ಪ್ರಕರಣ ಕಾಲೇಜು ಪ್ರವೇಶದ್ದು, ಉದ್ಯೋಗದ್ದಲ್ಲ. ಅದು ಎತ್ತುವ ಪ್ರಶ್ನೆ ಮಾತ್ರ ಎರಡಕ್ಕೂ ಸಲ್ಲುತ್ತದೆ. ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಒಬ್ಬೊಬ್ಬರ ಜೊತೆ ಎರಡು ಮೂರು ನಿಮಿಷ, ಅದರಲ್ಲೂ ತಂದೆತಾಯಿ ಯಾರು, ಮನೆ ಎಲ್ಲಿ ಎಂಬ ಪ್ರಶ್ನೆಗಳು ಎಂಬುದು ದೂರು. ಇಂಥ ಪರೀಕ್ಷೆಗೆ ಒಟ್ಟು ಅಂಕದ 15%ಕ್ಕಿಂತ ಹೆಚ್ಚು ಕೊಡುವುದು ಸಲ್ಲದು ಎಂದ ನ್ಯಾಯಾಲಯ, ಸಂದರ್ಶನವನ್ನು ಟೇಪಿನಲ್ಲಿ ಮುದ್ರಿಸಿಕೊಳ್ಳುವುದು ಒಳ್ಳೆಯದೆಂದೂ ಸೂಚಿಸಿತು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಶಿಫಾರಸು, ಲಂಚದ ಕಾಟ ಕಂಡವರು ನಿಟ್ಟುಸಿರುಬಿಟ್ಟಿದ್ದು ನ್ಯಾಯವೇ. ನನಗಂತೂ ಆ ಡೇರಿ ಹುಡುಗಿಯ ತಾಳ್ಮೆಯನ್ನು ಯಾವ ಒಎಂಆರ್ ಹಾಳೆ ಹಿಡಿದೀತು ಎಂಬ ಪ್ರಶ್ನೆ ಉಳಿದೇ ಇದೆ.

ಸಂದರ್ಶನದ ಕೊನೆಗೆ ‘ನೀವೇನಾದರೂ ಕೇಳುವುದಿದೆಯಾ?’ ಎನ್ನುವುದು ವಾಡಿಕೆ. ಹೆಚ್ಚಿನವರು ‘ಇಲ್ಲ ಸರ್, ಥ್ಯಾಂಕ್ಯೂ’ ಎಂದು ಎದ್ದುಬಿಡುತ್ತಾರೆ. ಕೇಳಬಾರದೇಕೆ? ಸಮುದ್ರ ಎಷ್ಟು ಅಗಲ ಎಂದು ಹಾರುವವನಿಗೆ ತಿಳಿಯುವುದು ಬೇಡವೇ? ಸಂಬಳವನ್ನೂ ಕೇಳಿ, ತಪ್ಪಿಲ್ಲ. ಮೊದಲ ಆರು ತಿಂಗಳಲ್ಲಿ ನಾನು ಏನು ಮಾಡಿದರೆ ನಿಮಗೆ ಸಮಾಧಾನ ಎಂದು ಕೇಳಿ. ಈ ಕುರ್ಚಿಯಲ್ಲಿ ನನಗಿಂತ ಮುಂಚೆ ಕೂತಿದ್ದವರು ಯಾಕೆ ಬಿಟ್ಟರು ಎಂದೂ ಮೆತ್ತಗೆ ಕೇಳಿ ನೋಡಿ. ಉತ್ತರ ಬರದೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಆ ಕಚೇರಿಯ ಬಗ್ಗೆ ಬೇಕಾದ ಒಂದು ವಿಷಯ ಸಿಕ್ಕಿತೆಂದುಕೊಂಡು ಬಸ್ಸು ಹತ್ತಿ.