ಸೈಕಲ್ ಯಾತ್ರಿಕನ ಸರದಿ

ಸ್ಪೇನಿನ ಸಾಂತಿಯಾಗೊ ಪಟ್ಟಣಕ್ಕೆ, ಪ್ರೇಷಿತ ಸಂತ ಯಕೋಬರ ಸಮಾಧಿಯ ದರ್ಶನಕ್ಕೆ ನಡೆದುಹೋಗುವವರ ವಿಷಯ ನೀವು ಕೇಳಿರಬಹುದು. ಸೈಕಲ್ಲಿನಲ್ಲಿ ಹೋಗುವವರೂ ಇದ್ದಾರೆ. ಬುರ್ಗೊಸ್ ದಾಟಿದರೆ ಗೋಧಿ ಹೊಲಗಳ ಬಯಲು, ದೂರದಲ್ಲೆಲ್ಲೋ ಒಂದು ಗಂಟೆಗೋಪುರ. ಫ್ರೋಮಿಸ್ತಾ ಊರಿನ ಹತ್ತಿರ ದಾರಿ ಹಳೆಯ ಕಾಲುವೆಯೊಂದರ ದಂಡೆ ಸೇರುತ್ತದೆ. 1753ರಲ್ಲಿ ತೋಡಲು ಆರಂಭಿಸಿದ ಕಾಲುವೆ ಅದು. ಧಾನ್ಯದ ದೋಣಿಗಳನ್ನು ಹೇಸರಗತ್ತೆಗಳು ಎಳೆಯುತ್ತಿದ್ದ ದಂಡೆ. ರೈಲು ಬಂದಿತು, ದೋಣಿ ನಿಂತಿತು. ಈಗ ಅಲ್ಲಿ ಲಾರಿಯಿಲ್ಲ, ಹಾರನ್ನಿಲ್ಲ.

ಇಷ್ಟು ಹಿತವಾದ ದಾರಿಯಲ್ಲಿ ಹೋಗುವುದೂ ಯಾತ್ರೆಯೇ? ಯಾತ್ರೆಯ ಪ್ರಮಾಣಪತ್ರಕ್ಕೆ ನಡೆಯುವವರು ಕನಿಷ್ಠ 100 ಕಿ.ಮೀ. ಕ್ರಮಿಸಬೇಕು, ಸೈಕಲ್ಲಿನವರು 200. ಅದು ಹೋಗಲಿ. ಅನೇಕ ಯಾತ್ರಿಕರ ತಂಗುದಾಣಗಳಲ್ಲಿ ಹಾಸಿಗೆ ಮೊದಲು ನಡೆದು ಬಂದವರಿಗೆ. ಸೈಕಲ್ಲಿನವನು ಸಂಜೆಯವರೆಗೆ ಕಾಯಬೇಕು. ಇಡೀ ದಿನ ಎದುರುಗಾಳಿಯಲ್ಲಿ ತುಳಿದವನಿಗೆ ಇದು ಅನ್ಯಾಯವೆನಿಸದೇ? ನನಗೂ ಮೊದಲು ಹಾಗೆಯೇ ಅನಿಸಿತು.

ಆದರೆ ಕರಿಯೋನ್ ಊರಿನ ಆಚೆ ಸುಮಾರು 17 ಕಿ.ಮೀ. ದೂರ ಒಂದು ಹಳ್ಳಿಯೂ ಇಲ್ಲ. ಹಾಸಿಗೆ ಸಿಗದಿದ್ದರೆ ಸೈಕಲ್ಲಿನವನಿಗೆ ಅದು ಒಂದು ಗಂಟೆಯ ದಾರಿ, ನಡೆಯುವವನಿಗೆ ನಾಲ್ಕು ಗಂಟೆ. ಯಾರ ಭಕ್ತಿ ಹೆಚ್ಚು, ಯಾರು ಹೆಚ್ಚು ದಣಿದರು ಎಂದು ಆ ನಿಯಮ ಕೇಳುವುದೇ ಇಲ್ಲ. ಇನ್ನೂ ಮುಂದೆ ಹೋಗಲು ಯಾರಿಂದ ಸಾಧ್ಯ ಎಂದಷ್ಟೇ ಕೇಳುತ್ತದೆ. ನಮ್ಮ ಮನೆಗಳಲ್ಲಿ ನಾವು ಸಾಮಾನ್ಯವಾಗಿ ದಣಿವನ್ನೇ ಅಳೆದು ಜಗಳವಾಡುತ್ತೇವೆ, ಅಲ್ಲವೇ?

ಒಂದು ತೊಡಕು ಉಳಿಯುತ್ತದೆ. ಮಂಡಿನೋವಿನಿಂದ ನಡೆಯಲಾಗದೆ ಸೈಕಲ್ ಹಿಡಿದ ಮುದುಕನೂ ಆ ಬಾಗಿಲಲ್ಲಿ ನಿಂತಿರಬಹುದು. ನಿಯಮಕ್ಕೆ ಅವನು ಕಾಣುವುದಿಲ್ಲ. ಬಾಗಿಲು ತೆರೆಯುವವರು ಅವನ ಕಾಲು ನೋಡಬೇಕು.